ಕೊನೆಯ ಪುಟ ಬೇರೆ

ಯೆಹೂದಿ ಸಹೋದ್ಯೋಗಿಯೊಬ್ಬರ ಮೇಜಿನ ಮೇಲೆ ಹೀಬ್ರೂ ಗ್ರಂಥ ಕಂಡು, "ಇದು ಬೈಬಲ್ಲಿನ ಮೊದಲ ಭಾಗ, ಹಳೆಯ ಒಡಂಬಡಿಕೆಯಲ್ಲವೇ?" ಎಂದು ಕೇಳಿದೆ. "ನಮಗೆ ಇದು ಹಳೆಯದಲ್ಲ, ಇರುವುದೇ ಇದೊಂದು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಆದರೂ ನನಗೆ ಚುರುಕ್ಕೆಂದಿತು. "ದೇವನೊಬ್ಬ ನಾಮ ಹಲವು" ಎಂದು ಹೇಳಿ ಮಾತು ಮುಗಿಸುವುದನ್ನು ಕೇಳುತ್ತಲೇ ಬೆಳೆದವನು ನಾನು. ಯಾರ ಗ್ರಂಥವನ್ನು ಯಾವ ಹೆಸರಿನಿಂದ ಕರೆಯಬೇಕು ಎಂದು ಯೋಚಿಸಿದ್ದೇ ಇಲ್ಲ.

ಅವರು ಕೊನೆಯ ಪುಟ ತೆರೆದರು. ತನಖ್ ಎಂಬ ಯೆಹೂದ್ಯರ ಆ ಪವಿತ್ರ ಗ್ರಂಥದಲ್ಲಿ 24 ಪುಸ್ತಕಗಳು. ಪ್ರೊಟೆಸ್ಟೆಂಟ್ ಕ್ರೈಸ್ತರು ಅವನ್ನೇ ಬಿಡಿಸಿ 39 ಎಂದು ಎಣಿಸುತ್ತಾರೆ. ಬರಹ ಅದೇ, ಜೋಡಣೆ ಬೇರೆ. ತನಖ್ ಮುಗಿಯುವುದು ಪೂರ್ವಕಾಲವೃತ್ತಾಂತ ಎಂಬ ಪುಸ್ತಕದಲ್ಲಿ: ಸೆರೆಹೋದ ಜನ ಜೆರುಸಲೇಮಿಗೆ ಮರಳಬಹುದು ಎಂದು ಪರ್ಷಿಯಾದ ಅರಸ ಕೋರೆಷ ಸಾರುತ್ತಾನೆ. "ಏರಿ ಹೋಗಲಿ" ಎಂಬುದೇ ಕೊನೆಯ ಮಾತು. ಪ್ರೊಟೆಸ್ಟೆಂಟರ ಜೋಡಣೆ ಮಲಾಕಿಯನ ಪುಸ್ತಕದಲ್ಲಿ ನಿಲ್ಲುತ್ತದೆ, ಪ್ರವಾದಿ ಎಲೀಯ ಬರುತ್ತಾನೆ ಎಂಬ ಭರವಸೆಯೊಂದಿಗೆ. ಪುಟ ತಿರುಗಿಸಿದರೆ ಮತ್ತಾಯನ ಸುವಾರ್ತೆ, ಯೇಸುವಿನ ವಂಶಾವಳಿ. ಒಂದರಲ್ಲಿ ಮನೆಗೆ ಮರಳುವ ಕರೆ, ಇನ್ನೊಂದರಲ್ಲಿ ಬರುವವನಿಗಾಗಿ ಕಾಯುವಿಕೆ. ಊರು ಬಿಟ್ಟು ಬಂದ ನನ್ನ ಕಣ್ಣು ಆ ಮೊದಲನೆಯದರ ಮೇಲೆಯೇ ನಿಂತಿತು.

ಇಸ್ಲಾಂ ಇನ್ನೊಂದು ಬಗೆ. ತೌರಾತ್ (ಮೋಶೆಯ ತೋರಾ), ಝಬೂರ್ (ದಾವೀದನ ಕೀರ್ತನೆಗಳು), ಇಂಜೀಲ್ (ಯೇಸುವಿನ ಸುವಾರ್ತೆ) ದೇವರು ಕೊಟ್ಟವೇ ಎನ್ನುತ್ತದೆ ಕುರಾನ್. ಅದರ 19ನೆಯ ಅಧ್ಯಾಯಕ್ಕೆ ಯೇಸುವಿನ ತಾಯಿಯ ಹೆಸರು, ಮರ್ಯಮ್ ಎಂದೇ ಇದೆ. ಈಸಾ, ಅಂದರೆ ಯೇಸು, ಕನ್ಯೆಯ ಮಗ, ಮಸೀಹ. ಆದರೆ ದೇವರ ಮಗನಲ್ಲ. ಹಿಂದಿನ ಗ್ರಂಥಗಳನ್ನು ಜನ ತಿರುಚಿದ್ದಾರೆ ಎಂಬ ಆಕ್ಷೇಪವೂ ಜೊತೆಗಿದೆ.

12ನೆಯ ಶತಮಾನದ ಯೆಹೂದಿ ಪಂಡಿತ ಮೈಮೊನಿಡಿಸ್ ಕೊಟ್ಟ ತೀರ್ಪು ನನ್ನನ್ನು ಬೆರಗುಗೊಳಿಸಿತು. ಏಕದೇವಭಕ್ತಿಯಲ್ಲಿ ಮುಸ್ಲಿಮರು ನಿಷ್ಕಳಂಕರು ಎಂದು ಒಪ್ಪಿದವರು ಅವರು. ಆದರೂ ತೋರಾವನ್ನು, ಅಂದರೆ ತನಖ್‌ನ ಮೊದಲ ಐದು ಪುಸ್ತಕಗಳನ್ನು, ಕಲಿಸಬಹುದಾದದ್ದು ಮುಸ್ಲಿಮರಿಗಲ್ಲ, ಕ್ರೈಸ್ತರಿಗೆ ಎಂದರು: ಅರ್ಥ ಬೇರೆ ಮಾಡಿದರೂ ಅವರು ಅದೇ ಮೂಲಪಾಠವನ್ನು ಒಪ್ಪುತ್ತಾರೆ. ನಂಬಿಕೆಯಲ್ಲಿ ಹತ್ತಿರವಿರುವವರು ಒಬ್ಬರು, ಗ್ರಂಥದಲ್ಲಿ ಹತ್ತಿರವಿರುವವರು ಇನ್ನೊಬ್ಬರು. ಇಷ್ಟು ಸೂಕ್ಷ್ಮವಾಗಿ ನೆರೆಯವರನ್ನು ಅಳೆಯಲು ಅವರ ಪುಸ್ತಕ ಓದಿರಬೇಕು. ಎಲ್ಲವೂ ಒಂದೇ ಎನ್ನಲು ಏನನ್ನೂ ಓದಬೇಕಿಲ್ಲ. ನಮ್ಮ ಆ ಔದಾರ್ಯದಲ್ಲಿ ಸೋಮಾರಿತನ ಬಹಳವಿದೆ ಎಂದೇ ನನ್ನ ಅನಿಸಿಕೆ.

ಒಂದನ್ನು ಮಾತ್ರ ಒಪ್ಪಲೇಬೇಕು: ಓದಿದವರೆಲ್ಲ ಗೌರವಿಸುತ್ತಾರೆ ಎಂದೇನೂ ಇಲ್ಲ. 1240ರಲ್ಲಿ ಪ್ಯಾರಿಸ್‌ನಲ್ಲಿ ತಾಲ್ಮುದ್ ಎಂಬ, ಯೆಹೂದಿ ಪಂಡಿತರ ಧರ್ಮಚರ್ಚೆಗಳ ಗ್ರಂಥದ ಮೇಲೆ ವಿಚಾರಣೆ ನಡೆಯಿತು. ಆಮೇಲೆ ಅದರ ಹಸ್ತಪ್ರತಿಗಳನ್ನು ಗಾಡಿಗಟ್ಟಲೆ ತಂದು ಸುಟ್ಟರು. ದೂರು ಕೊಟ್ಟವನು ಅದನ್ನು ಓದಿ ಬಲ್ಲವನೇ, ಯೆಹೂದಿಯಾಗಿ ಹುಟ್ಟಿ ಕ್ರೈಸ್ತನಾದವನು. ಅದು ನೆನಪಾದಾಗ, ಓದದೆಯೇ ಕೈಮುಗಿಯುವ ನಮ್ಮವರ ಮೇಲಿನ ಮುನಿಸು ಅರ್ಧ ಇಳಿಯುತ್ತದೆ.