ಒನಿಜುಕನ ಸುತ್ತಿಗೆ, ನನ್ನ ಮೊಳೆ

ನಾನು ಮಾವನವರ ಮನೆಯ ಮಹಡಿಯಲ್ಲಿ ಇರುವವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಗೋಡೆಯ ವಿಷಯ ಬರುತ್ತದೆ. ಆಗ ಆ ಗೋಡೆ ಯಾರದು ಅಂತ ನಿಮಗೆ ಗೊತ್ತಿರಬೇಕು.

ಮಾವ ರಿಟೈರ್ಡ್ ಹೆಡ್‌ಮಾಸ್ಟರು. ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅಂದರೆ ಹಗಲಿಗೊಬ್ಬ ಹೆಡ್‌ಮಾಸ್ಟರು, ರಾತ್ರಿಗೊಬ್ಬ ಹೆಡ್‌ಮಾಸ್ಟರು. ಹೀಗಿರುವಾಗ ಭಾವಮೈದ ಬೆಂಗಳೂರಿನ ಮನೆ ಖಾಲಿ ಮಾಡಿ ವಿದೇಶಕ್ಕೆ ಹೊರಟ. ಹೋಗುವ ಮುಂಚೆ ಒಂದು ರಟ್ಟಿನ ಡಬ್ಬ ತಂದು ನನ್ನ ಮುಂದಿಟ್ಟು, "ಭಾವ, ಇದು ನಿಮಗೇ ಸರಿ" ಅಂದ. ಒಳಗೆ ‘ಗ್ರೇಟ್ ಟೀಚರ್ ಒನಿಜುಕ’ ಮಂಗಾದ, ಅಂದರೆ ಜಪಾನಿ ಕಾಮಿಕ್ಸಿನ, 25 ಸಂಪುಟಗಳು, ಇಂಗ್ಲಿಷಿನಲ್ಲಿ.

ನನಗೆ ಒನಿಜುಕ ಹೊಸಬನಲ್ಲ. ಬಿ.ಎಡ್ ಓದುವಾಗ ಹಾಸ್ಟೆಲಿನಲ್ಲಿ ರೂಮ್‌ಮೇಟ್ ಕಂಪ್ಯೂಟರಿನಲ್ಲಿ ಇದೇ ಕತೆಯ ಆನಿಮೆಯ, ಅಂದರೆ ಜಪಾನಿ ಕಾರ್ಟೂನ್ ಸೀರಿಯಲ್ಲಿನ, 43 ಕಂತುಗಳನ್ನೂ ನೋಡಿದ್ದೆ. ಗೊತ್ತಿಲ್ಲದವರಿಗೆ ಎರಡು ಮಾತು: ಎಯ್ಕಿಚಿ ಒನಿಜುಕ, ವಯಸ್ಸು 22. ಹಿಂದೆ ಬೈಕ್ ಗ್ಯಾಂಗಿನ ಲೀಡರ್. ಹಳದಿ ಕೂದಲು, ಕಿವಿಯಲ್ಲಿ ಓಲೆ, ಬಾಯಲ್ಲಿ ಸಿಗರೇಟು. ಹೈಸ್ಕೂಲು ಹುಡುಗಿಯರ ಮನಸ್ಸು ಗೆಲ್ಲಲು ಸುಲಭದ ದಾರಿ ಅಂದುಕೊಂಡು ಮೇಷ್ಟ್ರಾಗಲು ಹೊರಡುತ್ತಾನೆ. ಟೋಕಿಯೊದ ಕಿಚಿಜೋಜಿಯ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಸಿಗುತ್ತದೆ. ಅಲ್ಲಿ ಯಾವ ಮೇಷ್ಟ್ರನ್ನೂ ಉಳಿಯಗೊಡದ ಒಂದು ತರಗತಿಯನ್ನು ಅವನ ತಲೆಗೆ ಕಟ್ಟುತ್ತಾರೆ. ಪಾಠ ಮಾಡುವುದು ಅಷ್ಟಕ್ಕಷ್ಟೇ. ಆದರೆ ಮಕ್ಕಳಿಗೋಸ್ಕರ ಕಟ್ಟಡದಿಂದ ಬೇಕಾದರೂ ಹಾರುತ್ತಾನೆ. ಉತ್ಪ್ರೇಕ್ಷೆ ಅಲ್ಲ, ಹಾರಿಯೇಬಿಡುತ್ತಾನೆ.

ಡಬ್ಬ ಬಿಚ್ಚುವಾಗ ಅತ್ತೆ ಬಂದರು. "ಏನದು?" ಅಂದರು.

"ಮಂಗಾ, ಅತ್ತೆ."

"ಡಬ್ಬದಲ್ಲಾ?" ಅಂತ ಎರಡು ಹೆಜ್ಜೆ ಹಿಂದೆ ಹೋದರು.

ಅವತ್ತಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ‘ಮಂಗನ ಪುಸ್ತಕ’ ಅಂತಲೇ ಹೆಸರು.

ರಾತ್ರಿ ಓದಲು ಕೂತೆ. ಜಪಾನಿ ಪುಸ್ತಕ ಬಲದಿಂದ ಎಡಕ್ಕೆ ಓಡುತ್ತದೆ ಅನ್ನುವುದು ಗೊತ್ತಿತ್ತು. ಹಾಗಾಗಿ ಪುಸ್ತಕವನ್ನು ಸರಿಯಾಗಿಯೇ ತೆರೆದೆ. ಆದರೆ ಪುಟದ ಒಳಗಿನ ಚೌಕಗಳೂ ಬಲದಿಂದಲೇ ಶುರುವಾಗುತ್ತವೆ ಅನ್ನುವುದು ಹೊಳೆಯಲಿಲ್ಲ. ಸುಮಾರು ಪುಟ ಹಾಗೇ ಓದಿದೆ. ಒಬ್ಬ ಮೂಗು ಒಡೆದುಕೊಂಡು ಬೀಳುತ್ತಿದ್ದ, ಆಮೇಲೆ ಇನ್ನೊಬ್ಬ ಕೈ ಎತ್ತುತ್ತಿದ್ದ. ಮೊದಲು ಉತ್ತರ, ಆಮೇಲೆ ಪ್ರಶ್ನೆ. ನನಗೇನೂ ವಿಚಿತ್ರ ಅನಿಸಲಿಲ್ಲ. ನಮ್ಮ ಸ್ಟಾಫ್ ಮೀಟಿಂಗ್ ನಡೆಯುವುದೇ ಹಾಗೆ, ಮೊದಲು ತೀರ್ಮಾನ, ಆಮೇಲೆ ಚರ್ಚೆ.

ದಾರಿ ಸರಿಹೋದ ಮೇಲೆ ಹೋಲಿಕೆಯ ಚಟ ಹತ್ತಿತು. ಒಂದು ಅಧ್ಯಾಯ ಓದುವುದು, ಕೆಳಗಿಳಿದು ಅದೇ ಭಾಗವನ್ನು ಆನಿಮೆಯಲ್ಲಿ ನೋಡುವುದು. ದೊಡ್ಡ ಟಿವಿ ಇರುವುದು ಕೆಳಗೆ, ಮಾವನ ಹಾಲಿನಲ್ಲಿ.

ತೋರು ಫುಜಿಸಾವಾ ಈ ಮಂಗಾವನ್ನು ಒಂದು ವಾರಪತ್ರಿಕೆಗೆ 1997ರಿಂದ 2002ರವರೆಗೆ ಬರೆದರು. ಆನಿಮೆ ಬಂದದ್ದು 1999ರಲ್ಲಿ, ಮುಗಿದದ್ದು 2000ದಲ್ಲಿ. ಅಂದರೆ ಮೂಲ ಕತೆ ಇನ್ನೂ ಓಡುತ್ತಿರುವಾಗಲೇ ಆನಿಮೆಯವರು ತಮ್ಮದೇ ಒಂದು ಮುಕ್ತಾಯ ಹಾಕಿ ಎದ್ದುಬಿಟ್ಟರು. ಊಟದ ಮಧ್ಯೆ ಎಲೆ ಮಡಿಸಿದ ಹಾಗೆ. ಹಾಸ್ಟೆಲಿನಲ್ಲಿ ಆಗ ಬೇಜಾರಾಗಿತ್ತು. ಈಗ ಮಂಗಾದ ಕೊನೆಯ ಸಂಪುಟಗಳನ್ನು ಓದಿದರೆ, ಆನಿಮೆಯವರು ಎದ್ದದ್ದೇ ಒಳ್ಳೆಯದಾಯಿತು ಅನಿಸುತ್ತದೆ. ಕೊನೆಕೊನೆಗೆ ದೈಮೋನ್ ಅನ್ನುವ ಹೊಸ ಹೆಡ್‌ಮಿಸ್ ಬರುತ್ತಾಳೆ. ಅಲ್ಲಿಂದ ಕತೆ ಎಳೆಯುತ್ತದೆ. ನಗು ಕಮ್ಮಿ, ಸಂಚು ಜಾಸ್ತಿ.

ಆದರೆ ಮಂಗಾದ ಮುಖಗಳು! ಒನಿಜುಕನಿಗೆ ಗಾಬರಿಯಾದರೆ ಫುಜಿಸಾವಾ ಅವನ ಹಣೆಯ ಗೆರೆ, ಬೆವರ ಹನಿ, ಸೊಟ್ಟ ತುಟಿ ಎಲ್ಲವನ್ನೂ ಅರ್ಧ ಪುಟಕ್ಕೆ ಕೆತ್ತಿ ಇಡುತ್ತಾರೆ. ಒಂದು ಚೌಕದಲ್ಲಿ ಸಿನಿಮಾ ಹೀರೋ, ಪಕ್ಕದ ಚೌಕದಲ್ಲಿ ಹಲ್ಲುನೋವಿನ ಮುದುಕ. ಆನಿಮೆಯಲ್ಲಿ ಇದೆಲ್ಲ ಬರುತ್ತದೆ, ಆದರೆ ಬಂದು ಹೋಗಿಬಿಡುತ್ತದೆ. ಪೋಲಿ ಜೋಕುಗಳನ್ನೂ ಟಿವಿಗೆಂದು ಸುಮಾರಾಗಿ ತೊಳೆದಿದ್ದಾರೆ.

ಸುಮಾರಾಗಿ ಮಾತ್ರ. ಒಂದು ಸಂಜೆ ಒನಿಜುಕ ಏನೋ ನೋಡಬಾರದ್ದನ್ನು ನೋಡಲು ಇಣುಕುತ್ತಿದ್ದ. ಅದೇ ಹೊತ್ತಿಗೆ ಅತ್ತೆ ಕಾಫಿ ಹಿಡಿದುಕೊಂಡು ಬಂದರು. ನಾನು ರಿಮೋಟಿನಲ್ಲಿ ನಿಲ್ಲಿಸುವ ಗುಂಡಿ ಒತ್ತಿದೆ. ಅದು ಸೌಂಡ್ ಹೆಚ್ಚಿಸುವ ಗುಂಡಿಯಾಗಿತ್ತು. ಮತ್ತೆ ಒತ್ತಿದೆ. ಇನ್ನೂ ಹೆಚ್ಚಾಯಿತು. ಭಾಷೆ ಜಪಾನಿಯಾದರೇನು, ಹುಡುಗಿಯರು ಕಿರುಚುವುದಕ್ಕೆ ಅನುವಾದ ಬೇಕಿಲ್ಲ.

ಅತ್ತೆ ಲೋಟ ಇಟ್ಟು, "ಇವನು ಮೇಷ್ಟ್ರಾ?" ಅಂತ ಕೇಳಿದರು.

"ಹೂಂ."

"ನಿಮ್ಮ ಸ್ಕೂಲಲ್ಲಿ ಹೀಗೆಲ್ಲ ಇಲ್ಲ ತಾನೆ?"

ಮಾವ ಪೇಪರಿನ ಹಿಂದೆ ಇದ್ದರು. ನೋಡುತ್ತಿಲ್ಲ ಅಂದುಕೊಂಡಿದ್ದೆ. ಮೂರನೇ ದಿನಕ್ಕೆ ಪೇಪರು ಮಡಿಚಿ ತೊಡೆಯ ಮೇಲೆ ಬಂದಿತ್ತು. ಅವರ ಕಣ್ಣು ಒನಿಜುಕನ ಮೇಲಿರಲಿಲ್ಲ, ವೈಸ್ ಪ್ರಿನ್ಸಿಪಾಲ್ ಉಚಿಯಾಮಾದನ ಮೇಲಿತ್ತು. ಕನ್ನಡಕ, ಬೋಳುತಲೆ, ಯಾವಾಗಲೂ ಉರಿಯುವ ಹೊಟ್ಟೆ. ಆ ಮನುಷ್ಯನಿಗೆ ಒಂದು ಟೊಯೊಟಾ ಕ್ರೆಸ್ಟಾ ಕಾರಿದೆ. ಅದೆಂದರೆ ಪ್ರಾಣ. ಕಿರುಕುಳ ತಾಳಲಾರದೆ ಒಬ್ಬ ಹುಡುಗ ಶಾಲೆಯ ತಾರಸಿಯಿಂದ ಜಿಗಿದಾಗ ಒನಿಜುಕ ಹಿಂದೆಯೇ ಹಾರಿ ಅವನನ್ನು ತಬ್ಬಿಕೊಳ್ಳುತ್ತಾನೆ. ಇಬ್ಬರೂ ಬದುಕುತ್ತಾರೆ, ಯಾಕೆಂದರೆ ಬೀಳುವುದು ಕ್ರೆಸ್ಟಾದ ಮೇಲೆ. ಅಲ್ಲಿಂದ ಮುಂದೆ ಆ ಕಾರಿಗೆ ಶನಿ ಹಿಡಿಯುತ್ತದೆ. ರಿಪೇರಿಯಾಗಿ ಬರುವುದು, ಮತ್ತೆ ಜಜ್ಜಿ ಹೋಗುವುದು. ಪ್ರತಿ ಸಲವೂ ಉಚಿಯಾಮಾದ, "ನನ್ನ ಕ್ರೆಸ್ಟಾ!" ಅಂತ ಗೋಳಾಡುತ್ತಾನೆ. ಇಲ್ಲಿ ಮಾತ್ರ ಆನಿಮೆಗೇ ನನ್ನ ಮಾರ್ಕು. ಕಾಗದದ ಮೇಲೆ ಆ ಮುಖವನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು, ನಿಜ. ಆದರೆ ಆ ಕೂಗು ಕಿವಿಗೇ ಬೀಳಬೇಕು.

ನಾನು ನಕ್ಕೆ. ಮಾವ ನಗಲಿಲ್ಲ.

"ಪಾಪ, ಲೋನ್ ಮಾಡಿ ತಗೊಂಡಿರ್ತಾನೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ಹಳದಿ ತಲೆಯವನಿಗೆ ಇನ್‌ಕ್ರಿಮೆಂಟ್ ಕಟ್ ಮಾಡೋಕಾಗಲ್ವಾ?" ಅಂದರು.

ಇನ್ನು ಗೋಡೆ. ಕತೆಯ ಶುರುವಿನಲ್ಲೇ ಒಂದು ಪ್ರಸಂಗ ಬರುತ್ತದೆ. ಒನಿಜುಕ ಇನ್ನೂ ಪ್ರಾಕ್ಟೀಸ್ ಟೀಚಿಂಗ್‌ನಲ್ಲಿರುತ್ತಾನೆ. ಅವನ ತರಗತಿಯ ಒಬ್ಬ ಹುಡುಗಿಯ ಮನೆಯಲ್ಲಿ ದುಡ್ಡು ಬಂದ ಮೇಲೆ ಅಪ್ಪ, ಅಮ್ಮ, ಮಗಳ ನಡುವೆ ಮಾತು ನಿಂತಿದೆ. ಒನಿಜುಕ ದೊಡ್ಡ ಸುತ್ತಿಗೆ ತಂದು ಅವಳ ಕೋಣೆಗೂ ಅಪ್ಪ ಅಮ್ಮನ ಕೋಣೆಗೂ ನಡುವಿನ ಗೋಡೆಯನ್ನೇ ಒಡೆದುಹಾಕುತ್ತಾನೆ. ನನ್ನ ಪ್ರಾಕ್ಟೀಸ್ ಟೀಚಿಂಗ್‌ನಲ್ಲಿ ನಾನು ಲೆಸನ್ ಪ್ಲಾನಿಗೆ ಸ್ಕೇಲ್ ಇಟ್ಟು ಗೆರೆ ಎಳೆಯುತ್ತಿದ್ದೆ. ಅದಕ್ಕೇ ಇರಬೇಕು, ಆ ಪುಟಗಳನ್ನು ಎರಡು ಸಲ ಓದಿದೆ. ಓದಿ ಎದ್ದವನಿಗೆ ಮೈಯಲ್ಲಿ ಏನೋ ಹುರುಪು. 25 ಸಂಪುಟ ಡಬ್ಬದಲ್ಲಿ ಕೊಳೆಯಬಾರದು, ಇವತ್ತೇ ಒಂದು ಶೆಲ್ಫ್ ಹಾಕಬೇಕು ಅನಿಸಿತು. ಭಾನುವಾರ ಬೇರೆ.

"ಕಾರ್ಪೆಂಟರ್ ಕರೀರಿ" ಅಂದಳು ಹೆಂಡತಿ.

ನಾಲ್ಕು ಇಂಚಿನ ಮೊಳೆ ಇಟ್ಟು ಹೊಡೆದೆ. ಮೂರನೇ ಏಟಿಗೆ ಮೊಳೆ ಸಲೀಸಾಗಿ ಒಳಗೆ ಹೋಯಿತು. ಅಬ್ಬಾ, ಕೈ ಕುದುರಿತು ಅಂದುಕೊಂಡೆ. ಸ್ವಲ್ಪ ಓರೆಯಾಗಿದೆಯಲ್ಲಾ ಅಂತ ಎಳೆದೆ. ಆ ಗೋಡೆಯ ಹಿಂದೆ ಬಾತ್‌ರೂಮು. ಗೋಡೆಯೊಳಗೆ ಪೈಪು. ಒನಿಜುಕ ಗೋಡೆ ಒಡೆದರೆ ಒಳಗಿಂದ ಪ್ರೀತಿ ಬರುತ್ತದೆ. ನನಗೆ ನೀರು ಬಂತು.

ಹೆಬ್ಬೆರಳು ಒತ್ತಿ ಹಿಡಿದೆ. ಪಕ್ಕದಿಂದ ಚಿಮ್ಮಿತು. ಹೆಂಡತಿ ತಾರಸಿಗೆ ಓಡಿ ಟ್ಯಾಂಕಿನ ವಾಲ್ವ್ ತಿರುಗಿಸಲು ನೋಡಿದಳು. ಅದು ಗೃಹಪ್ರವೇಶದ ದಿನದಿಂದ ತಿರುಗಿದ್ದೇ ಇಲ್ಲವಂತೆ. "ರೀ, ಬಕೆಟ್ ಇಡಿ!" ಅಂತ ಮೇಲಿಂದ ಕೂಗು. ಬಕೆಟ್ ಇಟ್ಟೆ. ಎರಡು ನಿಮಿಷಕ್ಕೆ ತುಂಬಿತು. ಬಾತ್‌ರೂಮಿಗೆ ಹೋಗಿ ಸುರಿಯಬಹುದಿತ್ತು. ಅದು ಈಗ ಹೊಳೆಯುತ್ತದೆ. ಆಗ ಹತ್ತಿರ ಕಂಡದ್ದು ಬಾಲ್ಕನಿ. ಹೋಗಿ ಬೀಸಿ ಸುರಿದೆ.

ಕೆಳಗೆ ಮಾವ ತಮ್ಮ ಮಾರುತಿ 800 ತೊಳೆದು, ಒಳಗೆಲ್ಲ ಒರೆಸಿ, ಒಣಗಲಿ ಅಂತ ನಾಲ್ಕೂ ಬಾಗಿಲು ತೆರೆದಿಟ್ಟಿದ್ದರು.

ಸದ್ದು ಕೇಳಿ ಬಗ್ಗಿ ನೋಡಿದೆ. ಸೀಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮಾವ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತಿದ್ದರು. ನಿಧಾನವಾಗಿ ತಲೆ ಎತ್ತಿದರು. "ಅಳಿಯಂದ್ರೇ" ಅನ್ನುತ್ತಾರೆ, ಆಮೇಲೆ ಇಂಗ್ಲಿಷ್ ಶುರುವಾಗುತ್ತದೆ ಅಂತ ಕಾದೆ. ಅವರು ಬಟ್ಟೆ ಕೆಳಗೆ ಬಿಟ್ಟರು. ಎರಡೂ ಕೈ ತಲೆಯ ಮೇಲಿಟ್ಟುಕೊಂಡರು.

"ನನ್ನ ಕ್ರೆಸ್ಟಾ!" ಅಂದರು.

ಪ್ಲಂಬರ್ ಬಂದು ಎರಡು ಟೈಲ್ಸ್ ಕಿತ್ತು ಪೈಪು ಸರಿಮಾಡಿ ಹೋದ. ಡಬ್ಬದ ತಳದಲ್ಲಿದ್ದ ಕೊನೆಯ ಐದು ಸಂಪುಟಗಳು ನೆನೆದು ಪೂರಿಯ ಹಾಗೆ ಉಬ್ಬಿವೆ. ಎಲ್ಲ ದೈಮೋನ್ ಮೇಡಮ್ಮಿನ ಕಾಲದವು, ಅಂಥ ನಷ್ಟವೇನಿಲ್ಲ. ಶೆಲ್ಫ್ ಕೆಳಗಿನ ಹಾಲಿನಲ್ಲಿ ಬಂತು, ಕಾರ್ಪೆಂಟರ್ ಕೈಯಲ್ಲಿ. ಮೊನ್ನೆ ಇಳಿದು ಹೋದಾಗ ಮಾವ ಒಂದನೇ ಸಂಪುಟ ಹಿಡಿದು ಕೂತಿದ್ದರು. ಪ್ರತಿ ಪುಟವನ್ನೂ ಎಡದಿಂದ ಬಲಕ್ಕೆ ಓದುತ್ತಿದ್ದರು. ಕಾರಿನ ಸೀಟು ಇನ್ನೂ ವಾಸನೆ ಬರುತ್ತಿರುವುದರಿಂದ ನಾನು ತಿದ್ದಲು ಹೋಗಲಿಲ್ಲ.