ನಾಯಿಗೆ ಆರು ಕಾಲು

ಈ ಸಲ ರಜೆಗೆ ದಾವಣಗೆರೆಗೆ ಹೋಗಿದ್ದಾಗ ನನ್ನ ನಾಲ್ಕೂವರೆ ವರ್ಷದ ಮಗಳು ಒಂದು ನಾಯಿ ಬರೆದಳು. ನೇರಳೆ ಬಣ್ಣ, ಆರು ಕಾಲು. ಅಣ್ಣ ನೋಡಿದ. "ನಾಯಿಗೆ ಆರು ಕಾಲಿರುತ್ತಾ ಪುಟ್ಟಿ? ಕೊಡಿಲ್ಲಿ, ದೊಡ್ಡಪ್ಪ ತೋರಿಸ್ತೀನಿ" ಅಂತ ಕ್ರೆಯಾನ್ ತಗೊಂಡ. ಎರಡು ಬೆಟ್ಟ, ನಡುವೆ ಸೂರ್ಯ, ಗುಡಿಸಲು, ತೆಂಗಿನಮರ. "ನಾಯಿ ಎಲ್ಲಿ?" ಅಂದಳು. "ಮೊದಲು ಸೀನರಿ ಕಲಿ" ಅಂದ. ನಾನೂ ಸ್ಕೂಲಲ್ಲಿ ವರ್ಷಗಟ್ಟಲೆ ಅದೇ ಎರಡು ಬೆಟ್ಟ ಬರೆದವನು. ನಮ್ಮ ಮನೆ ಸುತ್ತ ಎಲ್ಲೂ ಬೆಟ್ಟ ಇರಲಿಲ್ಲ ಬಿಡಿ.

ನಾವಿರುವ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಳೆ ಬಂದ ಭಾನುವಾರ ನಾವು ರೈಕ್ಸ್‌ಮ್ಯೂಸಿಯಂ ಅನ್ನೋ ದೊಡ್ಡ ಕಲಾ ಮ್ಯೂಸಿಯಮ್ಮಿಗೆ ಹೋಗುತ್ತೇವೆ. 18 ವರ್ಷದವರೆಗೆ ಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಅಲ್ಲಿ ರೆಂಬ್ರಾಂಟ್ 1642ರಲ್ಲಿ ಮುಗಿಸಿದ 'ನೈಟ್ ವಾಚ್' ಚಿತ್ರ ಇದೆ, ಗೋಡೆಯಷ್ಟು ದೊಡ್ಡದು. ಜನ ಈಟಿ, ಕೋವಿ ಹಿಡಿದವರನ್ನು ನೋಡುತ್ತಾರೆ. ಇವಳಿಗೆ ಬೇಕಾದ್ದು ಬಲಗಡೆ ಕೆಳಗೆ ಡೋಲಿನವನ ಹತ್ತಿರ ಇರುವ ನಾಯಿ. ನೆಲದ ಮೇಲೆ ಬೋರಲು ಮಲಗಿ ಪೆನ್ಸಿಲಿನಲ್ಲಿ ಬರೆಯತೊಡಗಿದಳು. ಕಾವಲಿನ ಹೆಂಗಸು ಬಂದರು. ಎಬ್ಬಿಸ್ತಾರೆ ಅಂತ ನಾನು ಆಗಲೇ ಚೀಲ ಎತ್ತಿಕೊಂಡಿದ್ದೆ. ಅವರು ಕುಕ್ಕರುಗಾಲಲ್ಲಿ ಕೂತು, ಈ ನಾಯಿ ಏನು ಮಾಡ್ತಿದೆ ಅಂತ ಕೇಳಿದರು. ಆರು ಕಾಲು ಯಾಕೆ ಅಂತ ಇವಳ ಉತ್ತರ ಕೇಳಿದಾಗಲೇ ನನಗೂ ಗೊತ್ತಾಗಿದ್ದು. ಅದು ಓಡುತ್ತಿತ್ತು!

ಅವಳ ಟೀಚರ್ ಕೂಡ ಹಾಗೇ. ಮಗು ಹೇಳಿದ್ದನ್ನು ಚಿತ್ರದ ಹಿಂದೆ ಬರೆದಿಡುತ್ತಾರೆ. ಸ್ಟಾರ್ ಇಲ್ಲ, ವೆರಿ ಗುಡ್ ಇಲ್ಲ. ನಮ್ಮಲ್ಲಿ ಮಗು ಪೆನ್ಸಿಲ್ ಹಿಡಿಯೋದೇ ತಡ, ಡ್ರಾಯಿಂಗ್ ಕ್ಲಾಸು, ಸ್ಪರ್ಧೆ. ಬಣ್ಣ ಗೆರೆ ದಾಟಿದರೆ ಅಪ್ಪ ಅಮ್ಮನ ಮುಖ ಬಾಡುತ್ತೆ. ಹತ್ತನೇ ಕ್ಲಾಸ್ ಬಂದರೆ ಅದೇ ಬಣ್ಣದ ಡಬ್ಬಿ ಅಟ್ಟಕ್ಕೆ. ಒಂದು ಸಲ ಸುಮ್ನೆ "ಇದೇನಮ್ಮಾ?" ಅಂತ ಕೇಳಿದರೆ ನಮ್ಮ ಗಂಟೇನು ಹೋಗುತ್ತೆ?

ಅಣ್ಣನ ಮೇಲೆ ಜಾಸ್ತಿ ಸಿಟ್ಟು ಮಾಡಿಕೊಂಡೆ ಅನಿಸುತ್ತೆ. ಅವನು ಮಧ್ಯಾಹ್ನವಿಡೀ ಅವಳ ಪಕ್ಕ ಚಾಪೆ ಮೇಲೆ ಕೂತಿದ್ದ. ಇಲ್ಲಿ ಹಾಗೆ ಕೂರೋಕೆ ಯಾರಿದ್ದಾರೆ? ನನಗಂತೂ ಮೀಟಿಂಗ್.

ಇನ್ನು ಅಮ್ಮ. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ ಚುಕ್ಕಿ ಇಡುವಾಗ ಇವಳೂ ಒಂದು ಹಿಡಿ ರಂಗೋಲಿ ಪುಡಿ ತಗೊಂಡು ಪಕ್ಕದಲ್ಲೇ ನಾಯಿ ಶುರು ಮಾಡಿದಳು. ಆರನೇ ಕಾಲು ಅಜ್ಜಿಯ ಎಳೆಗೆ ತಾಗುವ ಹಾಗಾಯಿತು. ಅಮ್ಮ ಏನೂ ಹೇಳಲಿಲ್ಲ. ಒಂದು ಚುಕ್ಕಿ ಅಳಿಸಿ, ತನ್ನ ಎಳೆಯನ್ನೇ ಅತ್ತ ಬಗ್ಗಿಸಿಕೊಂಡಳು.