ಬಗ್ಗಿದವರಿಗೆ ಒಂದು ಗುದ್ದು ಹೆಚ್ಚು, ವಿಮಾನದಲ್ಲೂ

ವಿಮಾನ ಇಳಿದು ಎರಡು ದಿನ ಆಯಿತು. ಹೊತ್ತಲ್ಲದ ಹೊತ್ತಿನಲ್ಲಿ ಎಚ್ಚರ ಆಗುತ್ತಿದೆ, ಎಚ್ಚರ ಆದ ಕೂಡಲೇ ಅದೇ ದೃಶ್ಯ ಕಣ್ಣ ಮುಂದೆ ಬಂದು ನಿಲ್ಲುತ್ತದೆ, ಮತ್ತೆ ಹೊಟ್ಟೆ ಉರಿಯುತ್ತದೆ. ಬರೆದು ಹಾಕದಿದ್ದರೆ ಇವತ್ತೂ ನಿದ್ದೆ ಇಲ್ಲ.

14 ಗಂಟೆಯ ಪ್ರಯಾಣ. ಮೂರು ಸೀಟಿನ ಸಾಲು. ಕಿಟಕಿ ಪಕ್ಕ ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ನಡುವೆ ನಾನು, ಓಡಾಡುವ ದಾರಿಯ ಪಕ್ಕ ಐವತ್ತರ ಆಸುಪಾಸಿನ ಒಬ್ಬ ಗಂಡಸು. ಅಜ್ಜಿಯ ಭಾಷೆ ನನಗೂ ಬರುತ್ತಿರಲಿಲ್ಲ, ವಿಮಾನದ ಸಿಬ್ಬಂದಿಗೂ ಬರುತ್ತಿರಲಿಲ್ಲ. ಒಬ್ಬರೇ ಹೊರಟಿದ್ದರು. ಪಾಸ್‌ಪೋರ್ಟ್ ಇಟ್ಟಿದ್ದ ಚೀಲವನ್ನು ಎರಡು ಕೈಯಲ್ಲೂ ಮಡಿಲಿಗೆ ಒತ್ತಿ ಹಿಡಿದುಕೊಂಡಿದ್ದರು. ಬೆಲ್ಟ್ ಹಾಕಿಕೊಳ್ಳಲು ನಾನು ಸಹಾಯ ಮಾಡಿದಾಗ ನನ್ನ ಕೈ ತಟ್ಟಿ ನಕ್ಕರು. ನಮ್ಮಿಬ್ಬರ ನಡುವೆ ಅಷ್ಟೇ ಮಾತುಕತೆ.

ಆ ಗಂಡಸು ಕೂತ ಐದೇ ನಿಮಿಷಕ್ಕೆ ಚಿಟಿಕೆ ಹೊಡೆದ. ಕೈ ಎತ್ತಿ ಕರೆದಿದ್ದಲ್ಲ, ಚಿಟಿಕೆ. ಇನ್ನೂ ಜನ ಹತ್ತುತ್ತಿದ್ದಾರೆ, ಗಗನಸಖಿ ಹುಡುಗಿಯೊಬ್ಬಳು ಯಾರದ್ದೋ ಭಾರದ ಪೆಟ್ಟಿಗೆಯನ್ನು ಮೇಲಿನ ಗೂಡಿಗೆ ತಳ್ಳಲು ಒದ್ದಾಡುತ್ತಿದ್ದಾಳೆ, ಇವನಿಗೆ ಆಗಲೇ ನೀರು ಬೇಕು. ತಂದುಕೊಟ್ಟರೆ ಐಸ್ ಯಾಕೆ ಹಾಕಿದೆ ಅಂತ ಗದರಿದ. ಊಟದ ಹೊತ್ತಿಗೆ ಕಿವಿಯಿಂದ ಇಯರ್‌ಫೋನ್ ತೆಗೆಯಲಿಲ್ಲ. ಆಕೆ ಮೂರು ಸಲ ಕೇಳಿದಳು, ಮೂರನೇ ಸಲಕ್ಕೆ ‘ಏನು?’ ಅಂತ ಕಿರುಚಿದ. ಅವನಿಗೆ ಬೇಕಾಗಿದ್ದ ಊಟ ಖಾಲಿಯಾಗಿತ್ತು. ಅಷ್ಟಕ್ಕೆ, ಸುತ್ತ ನಾಲ್ಕು ಸಾಲಿಗೆ ಕೇಳುವ ಹಾಗೆ, ದುಡ್ಡು ಕೊಟ್ಟಿದ್ದೇನೆ, ಬಿಟ್ಟಿ ಬಂದಿಲ್ಲ, ನಿನ್ನ ಹೆಸರು ಬರೆದುಕೊಳ್ಳುತ್ತೇನೆ ಅಂದ. ಎದೆಯ ಮೇಲಿನ ಹೆಸರಿನ ಪಟ್ಟಿಗೆ ಬೆರಳು ತಾಗುವಷ್ಟು ಹತ್ತಿರ ಕೈ ಒಯ್ದು ಓದಿದ. ಆಕೆ ನಗುತ್ತಲೇ ಕ್ಷಮೆ ಕೇಳಿ, ಮುಂದಿನ ಕ್ಯಾಬಿನ್ನಿಗೆ ಹೋಗಿ, ಎಲ್ಲಿಂದಲೋ ಅವನಿಗೆ ಬೇಕಾದ ತಟ್ಟೆಯನ್ನೇ ತಂದಿಟ್ಟಳು. ಎರಡು ಸಲ ಗಂಟಲು ಏರಿಸಿದ್ದಕ್ಕೆ ಎರಡನೇ ಕಂಬಳಿಯೂ ಬಂತು.

ಇದಾಗಿ ಒಂದು ಗಂಟೆ ಆಗಿರಬಹುದು. ದೀಪ ಆರಿಸಿದ್ದರು. ಅಜ್ಜಿಗೆ ಚೀಲದಲ್ಲಿ ಏನೋ ಹುಡುಕಬೇಕಿತ್ತು, ಬಹುಶಃ ಮಾತ್ರೆ. ಓದುವ ದೀಪದ ಗುಂಡಿ, ಸಿಬ್ಬಂದಿಯನ್ನು ಕರೆಯುವ ಗುಂಡಿ ಎರಡೂ ಪಕ್ಕಪಕ್ಕ ಇದ್ದವು. ಒಂದರ ಮೇಲೆ ಬಲ್ಬಿನ ಚಿತ್ರ, ಇನ್ನೊಂದರ ಮೇಲೆ ಮನುಷ್ಯನ ಚಿತ್ರ, ಎರಡೂ ಉಗುರಿನಷ್ಟು ಸಣ್ಣವು. ಕನ್ನಡಕ ಹಾಕಿಕೊಂಡ ಎಪ್ಪತ್ತರ ಕಣ್ಣಿಗೆ ಕತ್ತಲೆಯಲ್ಲಿ ಅದು ಹೇಗೆ ಕಾಣಬೇಕು? ಮೊದಲ ಸಲ ತಪ್ಪಿ ಒತ್ತಿದರು, ಆಕೆ ಬಂದಳು, ನಂದಿಸಿ ಹೋದಳು. ಎರಡನೇ ಸಲವೂ ಹಾಗೇ. ಮೂರನೇ ಸಲ ಬಂದವಳು ಬಗ್ಗಿ, ಹಲ್ಲು ಕಚ್ಚಿ, ಒಂದೊಂದೇ ಪದ ಬಿಡಿಸಿ, ಮಗುವಿಗೆ ಗದರುವ ಹಾಗೆ, ‘ಇದು. ಆಟದ ಸಾಮಾನು. ಅಲ್ಲ’ ಅಂದಳು. ಅಜ್ಜಿಯ ಬೆರಳನ್ನು ಹಿಡಿದು ಗುಂಡಿಯಿಂದ ಆಚೆ ಸರಿಸಿದಳು. ಮಾತು ಅರ್ಥವಾಗದಿದ್ದರೂ ಬೈಗುಳ ಯಾರಿಗೂ ಅರ್ಥವಾಗುತ್ತದೆ. ಅಜ್ಜಿ ಕೈ ಹಿಂದಕ್ಕೆ ಎಳೆದುಕೊಂಡು ಚೀಲದ ಕೆಳಗೆ ಮುಚ್ಚಿಟ್ಟುಕೊಂಡರು.

ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ. ಚಿಟಿಕೆ ಹೊಡೆದವನಿಗೆ ಕಂಬಳಿ, ದೀಪ ಹುಡುಕಿದವರಿಗೆ ಗದರಿಕೆ. ನನ್ನ ಸಿಟ್ಟು ಅವನ ಮೇಲೂ ಇದೆ, ಆಕೆಯ ಮೇಲೂ ಇದೆ. ಒಂದೇ ಕಡೆ ಬೈಯಿರಿ ಅಂದರೆ ನನ್ನಿಂದ ಆಗದು. ಅವನು ಸುರಿದ ವಿಷವನ್ನೇ ಆಕೆ ಹೊತ್ತುಕೊಂಡು ಬಂದು ಈ ಕಡೆ ಸುರಿದದ್ದು.

ಮೊದಲು ನಮ್ಮ ಬಗ್ಗೆ, ಅಂದರೆ ಪ್ರಯಾಣಿಕರ ಬಗ್ಗೆ ಹೇಳಿಬಿಡುತ್ತೇನೆ. ಟಿಕೆಟ್ ಅಂದರೆ ಒಂದು ಸೀಟು, ಒಂದು ಊರಿನಿಂದ ಇನ್ನೊಂದು ಊರಿಗೆ. ಅದರ ಜೊತೆಗೆ ಒಬ್ಬ ಮನುಷ್ಯಳನ್ನು ಕೊಂಡುಕೊಂಡಿಲ್ಲ. ಆದರೂ ಎಷ್ಟು ಜನ ಮೈ ಮುಟ್ಟಿ ಕರೆಯುತ್ತಾರೆ! ಸೊಂಟ ತಿವಿಯುತ್ತಾರೆ, ತೋಳು ಜಗ್ಗುತ್ತಾರೆ. ಊಟದ ಟ್ರಾಲಿ ತಳ್ಳಿಕೊಂಡು ಬರುತ್ತಿರುವವರ ಬರಿಗೈಗೆ ಮಗುವಿನ ಕೊಳಕು ಡಯಾಪರ್ ಇಡುತ್ತಾರೆ. ಮುಂದಿನ ಸೀಟಿನ ಕೈ ಒರಗಿನ ಮೇಲೆ ಬರಿಗಾಲು ಚಾಚುತ್ತಾರೆ. ತುರ್ತು ಬಾಗಿಲು ಎಲ್ಲಿದೆ ಅಂತ ತೋರಿಸುವಾಗ ಫೋನಿನಲ್ಲಿ ಜೋರು ಮಾತು. ಚಕ್ರ ನೆಲ ಮುಟ್ಟಿದ ಕ್ಷಣವೇ ಎದ್ದು ನಿಂತು ಪೆಟ್ಟಿಗೆ ಎಳೆಯುವುದು, ಕೂತುಕೊಳ್ಳಿ ಅಂದವರನ್ನು ದುರುಗುಟ್ಟಿ ನೋಡುವುದು. ಮಾತಿಗೆ ಮುಂಚೆ ಒಂದು ‘ದಯವಿಟ್ಟು’ ಇಲ್ಲ, ಲೋಟ ಈಸಿಕೊಂಡ ಮೇಲೆ ಒಂದು ‘ಥ್ಯಾಂಕ್ಸ್’ ಇಲ್ಲ. ಬಾಗಿಲಲ್ಲಿ ನಮಸ್ಕಾರ ಹೇಳಿದವರ ಮುಖವನ್ನೂ ನೋಡದೆ ಒಳಗೆ ನುಗ್ಗುವವರೇ ಹೆಚ್ಚು.

ಈ ಸಿಬ್ಬಂದಿ ಅಲ್ಲಿರುವುದು ಊಟ ಬಡಿಸುವುದಕ್ಕೆ ಅಂತ ನಾವು ಅಂದುಕೊಂಡಿದ್ದೇವಲ್ಲ, ತಪ್ಪಿನ ಬೇರು ಅಲ್ಲೇ ಇದೆ. 1930ರಲ್ಲಿ ಅಮೆರಿಕದಲ್ಲಿ ಈ ಕೆಲಸಕ್ಕೆ ಮೊದಲು ಸೇರಿದ ಮಹಿಳೆ ಎಲೆನ್ ಚರ್ಚ್ ಒಬ್ಬ ನರ್ಸ್, ವಿಮಾನ ಹಾರಿಸುವುದನ್ನೂ ಕಲಿತಿದ್ದವರು. ಇವತ್ತೂ ಬಹುತೇಕ ದೇಶಗಳ ನಿಯಮ 50 ಸೀಟಿಗೆ ಕನಿಷ್ಠ ಒಬ್ಬರಾದರೂ ಇರಬೇಕು ಅನ್ನುತ್ತದೆ, ಬಿಸಿ ಊಟ ಹಂಚುವುದಕ್ಕಲ್ಲ, ಜೀವ ಉಳಿಸುವುದಕ್ಕೆ. ದೊಡ್ಡ ವಿಮಾನದ ಹೊಸ ಮಾದರಿಗೆ ಒಪ್ಪಿಗೆ ಸಿಗಬೇಕಾದರೆ, ಅರ್ಧದಷ್ಟು ಬಾಗಿಲು ಮಾತ್ರ ಬಳಸಿ, 90 ಸೆಕೆಂಡಿನಲ್ಲಿ ಎಲ್ಲರನ್ನೂ ಹೊರಗೆ ಕಳಿಸಲು ಸಾಧ್ಯ ಅಂತ ತೋರಿಸಬೇಕು. 2024ರ ಜನವರಿ 2ರಂದು ಟೋಕಿಯೊದ ಹನೆಡಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ, ರನ್‌ವೇ ಮೇಲಿದ್ದ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಗುದ್ದಿ ಹೊತ್ತಿ ಉರಿಯಿತು. ಆ ಸಣ್ಣ ವಿಮಾನದಲ್ಲಿದ್ದ ಐವರು ತೀರಿಕೊಂಡರು. ದೊಡ್ಡ ವಿಮಾನದಲ್ಲಿದ್ದ 379 ಜನರೂ ಬದುಕಿ ಹೊರಬಂದರು. ಒಳಗಿನ ಧ್ವನಿವರ್ಧಕ ಕೆಟ್ಟುಹೋಗಿತ್ತು. ಸಿಬ್ಬಂದಿ ಮೆಗಾಫೋನ್ ಹಿಡಿದು, ಗಂಟಲು ಹರಿದುಕೊಂಡು ಕೂಗಿ, ಬೆಂಕಿ ಇಲ್ಲದ ಬಾಗಿಲು ಯಾವುದು ಅಂತ ನೋಡಿ ಜನರನ್ನು ಇಳಿಸಿದರು. ನಾವು ಚಿಟಿಕೆ ಹೊಡೆದು ಕರೆಯುವುದು ಇಂಥ ಕೆಲಸಕ್ಕೆ ತರಬೇತಾದವರನ್ನು.

ಅವರ ದಿನ ಹೇಗಿರುತ್ತದೆ ಅಂತಲೂ ನಮಗೆ ಬೇಕಿಲ್ಲ. ಕ್ಯಾಬಿನ್ನಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟು. ತೇವಾಂಶ ಅನೇಕ ಸಲ ಶೇ 20ಕ್ಕಿಂತ ಕೆಳಗೆ. ಅಂಥ ಗಾಳಿಯಲ್ಲಿ ಸುಮ್ಮನೆ ಕೂತಿರುವ ನಮಗೇ ತುಟಿ ಒಡೆಯುತ್ತದೆ, ತಲೆ ಸಿಡಿಯುತ್ತದೆ. ಅವರು ಅದೇ ಗಾಳಿಯಲ್ಲಿ ಟ್ರಾಲಿ ತಳ್ಳುತ್ತಾರೆ. ಪಾಳಿಯಲ್ಲಿ ಸಿಗುವ ಕೆಲವೇ ಗಂಟೆಯ ನಿದ್ದೆ, ಅದೂ ಪೂರ್ತಿ ನಿಲ್ಲಲಾಗದ ಗೂಡಿನಂಥ ಜಾಗದಲ್ಲಿ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ, ಜನ ಹತ್ತುವ ಹೊತ್ತಿಗೆ, ಅಂದರೆ ಎಲ್ಲಕ್ಕಿಂತ ಹೆಚ್ಚು ಗದ್ದಲದ ಆ ಹೊತ್ತಿಗೆ, ಗಂಟೆ ಲೆಕ್ಕದ ಸಂಬಳವೇ ಇರಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಲೆಕ್ಕ ಶುರು. 2022ರಲ್ಲಿ ಡೆಲ್ಟಾ ಏರ್‌ಲೈನ್ಸ್ ಆ ಹೊತ್ತಿಗೆ ಅರ್ಧ ಸಂಬಳ ಕೊಡಲು ಆರಂಭಿಸಿತು. ಬೇರೆಯವರ ಪೆಟ್ಟಿಗೆ ಎತ್ತಿ ಸೊಂಟ ಉಳುಕಿಸಿಕೊಂಡ ಎಷ್ಟು ಜನ ಎಷ್ಟು ವರ್ಷ ಆ ಹೊತ್ತನ್ನು ಬಿಟ್ಟಿ ದುಡಿದರೋ.

ನಗುವುದೂ ಅವರ ದುಡಿಮೆಯೇ. ಒಳಗೆ ಏನೇ ಕುದಿಯುತ್ತಿದ್ದರೂ ಮುಖದಲ್ಲಿ ನಗು ಇರಲೇಬೇಕು ಅನ್ನುವ ಕೆಲಸಕ್ಕೆ, ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶಿಲ್ಡ್ 1983ರಲ್ಲಿ ‘ಭಾವನೆಗಳ ದುಡಿಮೆ’ ಅನ್ನುವ ಅರ್ಥದ ಹೆಸರಿಟ್ಟರು. ಅದಕ್ಕಾಗಿ ಅವರು ಹತ್ತಿರದಿಂದ ನೋಡಿದ್ದು ಗಗನಸಖಿಯರನ್ನೇ. ನುಂಗಿದ್ದು ಎಲ್ಲಿಗೋ ಹೋಗಲೇಬೇಕಲ್ಲ. ಆ ರಾತ್ರಿ ಎಲ್ಲಿಗೆ ಹೋಯಿತು ಅಂತ ನಾನು ಪಕ್ಕದಲ್ಲೇ ಕೂತು ನೋಡಿದೆ.

ಆದರೆ ಇಷ್ಟೆಲ್ಲ ಗೊತ್ತಿದ್ದೂ ಆಕೆ ಮಾಡಿದ್ದು ಸರಿ ಅಂತ ನಾನು ಒಪ್ಪುವುದಿಲ್ಲ. ಸುಸ್ತಾಗಿದ್ದರೆ ಎಲ್ಲರ ಮೇಲೂ ರೇಗಬೇಕಿತ್ತು. ಚಿಟಿಕೆ ಹೊಡೆದವನ ಮೇಲೆ ಯಾಕೆ ರೇಗಲಿಲ್ಲ? ಅವನಿಗೆ ದೂರು ಬರೆಯಲು ಬರುತ್ತದೆ. ಅಜ್ಜಿಗೆ ಬರುವುದಿಲ್ಲ. ಆಕೆಗೆ ಅದು ಚೆನ್ನಾಗಿ ಗೊತ್ತಿತ್ತು. ಯಾರ ಮೇಲೆ ಸಿಟ್ಟು ತೀರಿಸಿಕೊಂಡರೆ ತನಗೆ ಏನೂ ಆಗುವುದಿಲ್ಲ ಅಂತ ಆ ದಣಿವಿನಲ್ಲೂ ಲೆಕ್ಕ ಹಾಕುವಷ್ಟು ಎಚ್ಚರ ಆಕೆಗಿತ್ತು.

ಇದು ಒಂದು ರಾತ್ರಿಯ ಮಾತೂ ಅಲ್ಲ. ದೂರದ ಪ್ರಯಾಣ ಮಾಡುವ ಯಾರನ್ನು ಬೇಕಾದರೂ ಕೇಳಿ. ಒಂದೇ ಸಾಲಿನಲ್ಲಿ ಒಬ್ಬರಿಗೆ ‘ಏನು ಕೊಡಲಿ ಸರ್’, ಪಕ್ಕದವರಿಗೆ ಬರೀ ಹುಬ್ಬು ಏರಿಸಿ ‘ಹ್ಞಾಂ?’. ಉಡುಪು ನೋಡಿ ದನಿ ಬದಲಾಗುತ್ತದೆ, ಉಚ್ಚಾರ ಕೇಳಿ ಬದಲಾಗುತ್ತದೆ. ಭಾಷೆ ಗೊತ್ತಿಲ್ಲದವರ ಹತ್ತಿರ ನಿಧಾನವಾಗಿ ಹೇಳುವ ಬದಲು ಜೋರಾಗಿ ಹೇಳುತ್ತಾರೆ, ಕಿವುಡರ ಹತ್ತಿರ ಮಾತಾಡುವ ಹಾಗೆ. ಆಯ್ಕೆ ಅರ್ಥವಾಗದೆ ಒಂದು ಕ್ಷಣ ತಡವರಿಸಿದರೆ, ಕೈಗೆ ಸಿಕ್ಕ ತಟ್ಟೆ ಇಟ್ಟು ಟ್ರಾಲಿ ಮುಂದಕ್ಕೆ. ಆ ತಟ್ಟೆಯಲ್ಲಿ ಅವರು ಮುಟ್ಟದ ಪದಾರ್ಥ ಇದ್ದರೆ 14 ಗಂಟೆ ಉಪವಾಸ. ಬಟ್ಟಲಲ್ಲಿ ಏನಿದೆ ಅಂತ ಮುಚ್ಚಳ ತೆಗೆದು ತೋರಿಸಲು ಮೂರು ಸೆಕೆಂಡ್ ಸಾಕು! ನಡುರಾತ್ರಿ ನೀರು ಬೇಕೆಂದು ಗುಂಡಿ ಒತ್ತಿದರೆ ಅರ್ಧ ಗಂಟೆ ಯಾರೂ ಬರುವುದಿಲ್ಲ, ಹಿಂದೆ ಊಟ ಸಿದ್ಧಮಾಡುವ ಗ್ಯಾಲಿಯಲ್ಲಿ ನಗು ಮಾತು ಮಾತ್ರ ಪರದೆ ದಾಟಿ ಕೇಳುತ್ತಿರುತ್ತದೆ. ಎದ್ದು ಹೋಗಿ ಕೇಳುವ ಧೈರ್ಯ ಇರುವವರಿಗೆ ನೀರು ಸಿಗುತ್ತದೆ. ಇಲ್ಲದವರು ಬಾಯಿ ಒಣಗಿಸಿಕೊಂಡು ಬೆಳಗಿಗೆ ಕಾಯುತ್ತಾರೆ.

ಕೈ ಮಾಡುವ ಪ್ರಯಾಣಿಕರನ್ನು ಹಿಡಿಯಲು ಕಾನೂನಾದರೂ ಬಂದಿದೆ. 1963ರ ಟೋಕಿಯೊ ಒಪ್ಪಂದದ ಪ್ರಕಾರ ಕ್ರಮ ಕೈಗೊಳ್ಳುವ ಅಧಿಕಾರ ಮುಖ್ಯವಾಗಿ ವಿಮಾನ ನೋಂದಣಿಯಾದ ದೇಶದ್ದು, ಹಾಗಾಗಿ ಬೇರೆ ದೇಶದಲ್ಲಿ ಇಳಿದ ಎಷ್ಟೋ ಪುಂಡರು ಕೈ ಬೀಸಿಕೊಂಡು ಹೋಗುತ್ತಿದ್ದರು. ಇಳಿದ ದೇಶವೂ ಕ್ರಮ ಕೈಗೊಳ್ಳಬಹುದು ಅನ್ನುವ 2014ರ ಮಾಂಟ್ರಿಯಲ್ ತಿದ್ದುಪಡಿ ಒಪ್ಪಂದ ಜಾರಿಗೆ ಬಂದದ್ದು 2020ರ ಜನವರಿ 1ಕ್ಕೆ. ಮರುವರ್ಷ, 2021ರಲ್ಲಿ, ಅಮೆರಿಕ ಒಂದರಲ್ಲೇ ಪ್ರಯಾಣಿಕರ ಪುಂಡಾಟದ ಬಗ್ಗೆ 6,000ದ ಹತ್ತಿರ ದೂರು ಬಂದವು, ಬಹುಪಾಲು ಮಾಸ್ಕ್ ಹಾಕಿಕೊಳ್ಳಿ ಅಂದದ್ದಕ್ಕೆ. ಆ ಕಾನೂನು ಬೇಕು, ಇನ್ನೂ ಬಿಗಿಯಾಗಲಿ. ಆದರೆ ಚಿಟಿಕೆಗೆ ಕಾನೂನು ಇಲ್ಲ. ಅಜ್ಜಿಯ ಬೆರಳು ಹಿಡಿದು ಸರಿಸಿದ್ದಕ್ಕೂ ಇಲ್ಲ.

ಕಂಪನಿಗಳನ್ನೂ ಬಿಡುವುದಿಲ್ಲ. ಸಾಲು ಒತ್ತೊತ್ತಾಗಿ ಜೋಡಿಸಿ, ಮೊಣಕಾಲು ಮುಂದಿನ ಸೀಟಿಗೆ ತಾಗುವ ಹಾಗೆ ಮಾಡಿ, ನಿಯಮ ಕೇಳುವಷ್ಟೇ ಸಿಬ್ಬಂದಿ ಹಾಕಿ, ಇಕ್ಕಟ್ಟಿನ ಜಗಳವನ್ನು ನಮಗೂ ಅವರಿಗೂ ಬಿಟ್ಟಿದ್ದಾರೆ. ಜಾಹೀರಾತಿನಲ್ಲಿ ಮಾತ್ರ ಮಹಾರಾಜನ ಸೇವೆ. ಅದನ್ನು ನಂಬಿ ಹತ್ತಿದವನು ಮಹಾರಾಜನ ಹಾಗೇ ಚಿಟಿಕೆ ಹೊಡೆಯುತ್ತಾನೆ.

ನನ್ನ ಮೇಲೂ ನನಗೆ ಸಿಟ್ಟಿದೆ. ಅವನು ಮೊದಲ ಚಿಟಿಕೆ ಹೊಡೆದಾಗ ನಾನು ಬಾಯಿ ಬಿಡಲಿಲ್ಲ. 14 ಗಂಟೆ ಪಕ್ಕದಲ್ಲೇ ಕೂರಬೇಕಲ್ಲ ಅಂತ ಸುಮ್ಮನಾದೆ. ಹೆಸರು ಬರೆದುಕೊಳ್ಳುತ್ತೇನೆ ಅಂದಾಗಲೂ, ‘ಆಕೆಯ ತಪ್ಪೇನೂ ಇಲ್ಲ, ನಾನೂ ಬರೆಯುತ್ತೇನೆ’ ಅನ್ನಬಹುದಿತ್ತು. ಆಕೆಯ ಪರವಾಗಿ ಅಷ್ಟು ಒಬ್ಬರು ಹೇಳಿದ್ದರೆ ಆಮೇಲಿನದು ನಡೆಯುತ್ತಿತ್ತೋ ಇಲ್ಲವೋ. ಸುತ್ತ ನಾಲ್ಕು ಸಾಲಿನಲ್ಲಿ ಒಬ್ಬರೂ ಹೇಳಲಿಲ್ಲ.

ಆ ಗದರಿಕೆ ಆದ ಮೇಲೆ ಅಜ್ಜಿ ನೀರು ಕೇಳಲಿಲ್ಲ. ಲೋಟ ಹಿಡಿದು ಬಂದವರಿಗೂ ಬೇಡ ಅಂತ ತಲೆ ಆಡಿಸಿದರು. ಕುಡಿದರೆ ಶೌಚಾಲಯಕ್ಕೆ ಏಳಬೇಕು, ಎದ್ದರೆ ಕಾಲು ಚಾಚಿ ಮಲಗಿದ್ದ ಆ ಗಂಡಸನ್ನು ದಾಟಬೇಕು, ಮತ್ತೆ ಯಾರ ಬಾಯಿಗೋ ಬೀಳಬೇಕು. ಅಷ್ಟು ಹೊತ್ತು ನೀರಿಲ್ಲದೆ, ಅಲುಗಾಡದೆ ಕೂರುವುದು ಆ ವಯಸ್ಸಿನ ಕಾಲಿನ ರಕ್ತನಾಳಗಳಿಗೆ ಒಳ್ಳೆಯದಲ್ಲ. ನಾನೇ ಅವನನ್ನು ಎಬ್ಬಿಸಿ ಹಿಂದಕ್ಕೆ ಹೋದೆ. ಅದೇ ಹುಡುಗಿ ಮಡಚುವ ಸೀಟಿನಲ್ಲಿ ಕೂತು, ಚಪ್ಪಲಿಯಿಂದ ಹಿಮ್ಮಡಿ ಹೊರಗೆ ತೆಗೆದು ಉಜ್ಜಿಕೊಳ್ಳುತ್ತಿದ್ದಳು. ಅಜ್ಜಿ ನಿನ್ನ ಹೆದರಿಕೆಗೆ ನೀರು ಕುಡಿಯುತ್ತಿಲ್ಲ ಅಂದೆ. ‘ಆಯಿತು’ ಅಂದಳು, ನನ್ನ ಮುಖ ನೋಡಲಿಲ್ಲ. ಅವನು ಮಾಡಿದ್ದನ್ನೂ ನಾನು ನೋಡಿದೆ, ಸುಮ್ಮನಿದ್ದದ್ದು ನನ್ನ ತಪ್ಪು ಅಂದೆ. ಆಗ ಒಂದು ಸಲ ನೋಡಿದಳು. ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಸಹೋದ್ಯೋಗಿ ಹುಡುಗನೊಬ್ಬ ಎರಡು ಲೋಟ ನೀರು ತಂದು, ಅಜ್ಜಿಯ ಎದುರು ಬಗ್ಗಿ ನಿಂತು, ಒಂದನ್ನು ತಾನೇ ಅವರ ಕೈಗೆ ಕೊಟ್ಟ. ಕುಡಿದರು. ಆಕೆ ಮಾತ್ರ ಕೊನೆಯವರೆಗೂ ನಮ್ಮ ಸಾಲಿನ ಕಡೆ ಬರಲಿಲ್ಲ.

ಇಳಿಯುವವರೆಗೂ ಅಜ್ಜಿ ಆ ಗುಂಡಿಗಳ ಹತ್ತಿರ ಕೈ ಒಯ್ಯಲಿಲ್ಲ. ದೀಪ ಬೇಕಾದಾಗಲೆಲ್ಲ ನನ್ನ ಮುಖ ನೋಡುತ್ತಿದ್ದರು. ನಾನು ಒತ್ತುತ್ತಿದ್ದೆ.